ಮರುಭೂಮಿಯ ನಾಡಿನಲ್ಲಿ ಹಿಮದ ಆಟ

ನಾವು ಹಿಮ ಬೀಳದ ನಾಡಿನವರು. ಬೆಂಗಳೂರಿನ ಜಯನಗರದಲ್ಲಾಗಲಿ ಬನಶಂಕರಿಯಲ್ಲಾಗಲಿ ಮಾಗಿಯ ಚಳಿ ಎಷ್ಟೇ ಕೊರೆದರೂ ಅಂಗಳದ ನೀರು ಹೆಪ್ಪುಗಟ್ಟುವುದಿಲ್ಲ. ನಮಗೆ ಹಿಮದ ಆಟವೆಲ್ಲಿಯದು ಎಂದು ಅನ್ನಿಸುವುದು ಸಹಜ. ಆದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿ 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಕೀ ಸ್ಪರ್ಧೆಯಲ್ಲಿ, ಹಿಮದ ಮೇಲೆ ಐದು ಕಿಲೋಮೀಟರ್ ಕ್ರಮಿಸಿ ಕಂಚಿನ ಪದಕವನ್ನು ಪಡೆದರು. ಹಿಮವಿಲ್ಲದ ನಾಡಿನವರು ಹಿಮದ ಆಟವನ್ನು ಆಡಬೇಕಾದರೆ ಎರಡು ದಾರಿಗಳುಂಟು. ಹಿಮವನ್ನೇ ತಮ್ಮಲ್ಲಿ ಉಂಟುಮಾಡಿಕೊಳ್ಳುವುದು ಒಂದು. ತಾವೇ ಸಿದ್ಧರಾಗಿ ಹಿಮವಿರುವಲ್ಲಿಗೆ ಹೋಗುವುದು ಇನ್ನೊಂದು.

ಸ್ಕೀ ಎಂದರೆ ಪಾದರಕ್ಷೆಗೆ ಬಿಗಿದ ನೀಳವಾದ ಹಲಗೆ. ದೇಹದ ಭಾರವು ಅದರ ಉದ್ದಕ್ಕೂ ಹಂಚಿಹೋಗುವುದರಿಂದ ಕಾಲು ಹಿಮದಲ್ಲಿ ಹೂತುಹೋಗದು. ಹಲಗೆಯು ಜಾರುವಾಗ ಉಜ್ಜುವಿಕೆಯ ಶಾಖದಿಂದ ತಳದ ಹಿಮ ಕೊಂಚ ಕರಗಿ, ನೀರಿನ ತೆಳುವಾದ ಪೊರೆಯೊಂದು ಏರ್ಪಟ್ಟು ಜಾರುವಿಕೆಗೆ ನೆರವಾಗುತ್ತದೆ.

ಮರುಭೂಮಿಯಲ್ಲಿಯೂ ಈ ಆಟವುಂಟೆಂದರೆ ನಿಮಗೆ ಅಚ್ಚರಿಯಾದೀತು. ಅಮೆರಿಕದ ಅರಿಜೋನಾ ಸಂಸ್ಥಾನದ ಬಹುಭಾಗ ಒಣನೆಲ. ಆದರೂ ಅಲ್ಲಿನ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳಲ್ಲಿ ಅತ್ಯುನ್ನತವಾದುದು 3,800 ಮೀಟರಿಗೂ ಮಿಗಿಲಾಗಿ ಎತ್ತರವಾಗಿದೆ. ಸಾವಿರ ಮೀಟರ್ ಮೇಲೇರಿದಂತೆ ಉಷ್ಣತೆಯು ಸುಮಾರು ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಪೆಸಿಫಿಕ್ ಸಾಗರದ ಕಡೆಯಿಂದ ಬರುವ ಮೋಡಗಳು ಅಲ್ಲಿ ಹಿಮವಾಗಿ ಸುರಿಯುತ್ತವೆ. ‘ಅರಿಜೋನಾ ಸ್ನೋಬೌಲ್’ ಎಂಬ ತಾಣದಲ್ಲಿ 1938ರಿಂದಲೂ ಸ್ಕೀ ಆಟ ನಡೆಯುತ್ತಿದೆ.

ಆದರೆ ಎಲ್ಲ ವರ್ಷಗಳೂ ಒಂದೇ ಸಮನಾಗಿರುವುದಿಲ್ಲ. ಹಿಮ ಬೀಳದ ವರ್ಷ ಆಟವೂ ಇಲ್ಲ, ಆಟವನ್ನು ನಂಬಿದವರಿಗೆ ಸಂಪಾದನೆಯೂ ಇಲ್ಲ. ಆಗ ಯಂತ್ರದ ಸಹಾಯ ಬೇಕಾಗುತ್ತದೆ. ಒತ್ತಡದ ಗಾಳಿಯೊಡನೆ ನೀರನ್ನು ಸಣ್ಣ ಹನಿಗಳಾಗಿ ಚಿಮ್ಮಿಸಿದರೆ, ನೆಲಕ್ಕೆ ಬೀಳುವಷ್ಟರಲ್ಲಿ ಅವು ಹೆಪ್ಪುಗಟ್ಟುತ್ತವೆ. ಇಲ್ಲಿ ಮರುನಾಡಿನ ಒಣಗಾಳಿಯೇ ಉಪಕಾರಿ. ನಮ್ಮ ಮಣ್ಣಿನ ಹೂಜಿಯ ನೀರು ತಂಪಾಗುವುದು ಹೇಗೆ? ಹೊರಮೈಯ ತೇವ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಹಾಗೆಯೇ ಒಣಗಾಳಿಯಲ್ಲಿ ಹನಿಯ ಒಂದಂಶ ಆವಿಯಾಗಿ, ಉಳಿದ ಅಂಶ ಬೇಗನೆ ಹಿಮವಾಗುತ್ತದೆ.

ಸಣ್ಣ ತಾಣಗಳಿಗೆ ಇಳಿಜಾರು ಕಡಿಮೆ. ಈ ಕೊರತೆಯನ್ನು ‘ಟೆರೇನ್ ಪಾರ್ಕ್’ ತುಂಬಿಕೊಡುತ್ತದೆ. ಹಿಮವನ್ನು ಒಟ್ಟಿ ದಿಬ್ಬಗಳನ್ನು ಕಟ್ಟಿ, ಕಂಬಿಗಳನ್ನೂ ಪೆಟ್ಟಿಗೆಗಳನ್ನೂ ಹೂಡಿ, ಅವುಗಳ ಮೇಲೆ ಜಿಗಿಯಲು, ಜಾರಲು ಅನುವು ಮಾಡಿದ ಆಟದ ಅಂಗಳವಿದು. ಜಿಗಿದವನು ಸಮನೆಲದ ಮೇಲೆ ಬಿದ್ದರೆ ಪೆಟ್ಟು ಕಠಿನ. ಅದಕ್ಕಾಗಿ ಇಳಿಯುವ ಜಾಗವನ್ನೂ ಇಳಿಜಾರಾಗಿಯೇ ಕಟ್ಟುತ್ತಾರೆ. ಆಗ ಬೀಳುವಿಕೆಯು ಜಾರುವಿಕೆಯಾಗಿ ಮಾರ್ಪಡುತ್ತದೆ. ಸುಡುವ ಮರಳ ನಾಡಾದ ದುಬೈಯಲ್ಲಿ ಬೆಟ್ಟವೇ ಇಲ್ಲದೆಡೆ, 2005ರಲ್ಲಿ, ದೊಡ್ಡದೊಂದು ಕಟ್ಟಡದ ಒಳಗೇ ಸುಮಾರು 400 ಮೀಟರ್ ಉದ್ದದ ಹಿಮದ ಹಾದಿಯನ್ನು ನಿರ್ಮಿಸಿದರು.

ಇವೆಲ್ಲ ಮಾನವನ ಜಾಣ್ಮೆಯ ಕುರುಹುಗಳು. ಆದರೆ ಮಾಡಿದ ಹಿಮಕ್ಕೆ ಬೇಕಾದ ನೀರು ಎಲ್ಲಿಂದ ಬರಬೇಕು? ಸ್ನೋಬೌಲಿನವರು ಫ್ಲಾಗ್‌ಸ್ಟಾಫ್ ನಗರದ ಶುದ್ಧೀಕರಿಸಿದ ಕೊಳಚೆ ನೀರನ್ನು ಬಳಸಲು ಮುಂದಾದರು. ಆ ಶಿಖರಗಳು ಹೋಪಿ, ನವಾಹೋ ಮೊದಲಾದ ಮೂಲನಿವಾಸಿಗಳಿಗೆ ಪವಿತ್ರವಾದವು. ದೇವರ ಬೆಟ್ಟದ ಮೇಲೆ ಇಂತಹ ನೀರನ್ನು ಚೆಲ್ಲಬಾರದೆಂದು ಅವರು ನ್ಯಾಯಾಲಯದ ಮೊರೆಹೊಕ್ಕರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಅವರಿಗೆ ವಿರುದ್ಧವಾಯಿತು. 2012ರಲ್ಲಿ ಆ ನೀರಿನಿಂದಲೇ ಹಿಮ ತಯಾರಾಯಿತು. ಕಾನೂನಿನ ವಿವಾದ ಮುಗಿದರೂ ಮನಸ್ಸಿನ ನೋವು ಮುಗಿಯಲಿಲ್ಲ.

ನೀರಿನ ಬೆಲೆಯನ್ನು ನಾವು ಬಲ್ಲೆವು. ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಮೇಲಕ್ಕೇರಿ ಬೆಂಗಳೂರಿನ ನಲ್ಲಿಗಳನ್ನು ತಲಪುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಹರಿದುಬರುವ ನಗರದ ಬಳಸಿದ ನೀರು ಶುದ್ಧೀಕರಣಗೊಂಡು 2018ರಿಂದ ಕೋಲಾರದ ಕೆರೆಗಳನ್ನು ಸೇರುತ್ತಿದೆ. ಒಂದೆಡೆ ಬಳಸಿದ ನೀರು ಆಟದ ಹಿಮವಾಗುತ್ತದೆ, ಇನ್ನೊಂದೆಡೆ ಬರಡು ಕೆರೆಗೆ ತೇವವಾಗುತ್ತದೆ. ಯಾವುದಕ್ಕೆ ಎಷ್ಟು ನೀರು, ಯಾರನ್ನು ಕೇಳಿ ಎಂಬ ಪ್ರಶ್ನೆಯನ್ನು ಯಂತ್ರ ಬಿಡಿಸಲಾರದು. ಮನುಷ್ಯರೇ ಕುಳಿತು ಬಿಡಿಸಬೇಕು.

ಇನ್ನು ಎರಡನೆಯ ದಾರಿ. ಗಾಲಿಗಳುಳ್ಳ ಸ್ಕೀಗಳನ್ನು ತೊಟ್ಟು, ಕೈಯಲ್ಲಿ ಊರುಗೋಲುಗಳನ್ನು ಹಿಡಿದು, ಡಾಂಬರು ರಸ್ತೆಯ ಮೇಲೆಯೇ ಸ್ಕೀ ಓಟದ ಅಭ್ಯಾಸವನ್ನು ಮಾಡಬಹುದು. ಹಿಮನಾಡಿನ ಕ್ರೀಡಾಪಟುಗಳೂ ಬೇಸಿಗೆಯಲ್ಲಿ ಹೀಗೆಯೇ ಅಭ್ಯಾಸ ಮಾಡುತ್ತಾರೆ. ಕಾಲಿನ ಬಲ, ಉಸಿರಿನ ಹಿಡಿತ, ದೇಹದ ಸಮತೋಲ, ಇವುಗಳಿಗೆ ಹಿಮದ ಹಂಗಿಲ್ಲ. ಹಿಮದ ಮೇಲಿನ ಪಾಠವನ್ನು ಗುಲ್ಮಾರ್ಗಿನಂತಹ ಕಡೆಗೆ ಹೋಗಿ ಕಲಿಯಬೇಕು, ನಿಜ. ಅದಕ್ಕೆ ಹಣವೂ ನೆರವೂ ಬೇಕು. ಆದರೆ ಆ ಪಾಠಕ್ಕೆ ತಕ್ಕ ಮೈಯನ್ನು ಮನೆಯ ಬಳಿಯಲ್ಲಿಯೇ ಪಳಗಿಸಬಹುದು. ಹುಟ್ಟಿದ ನಾಡಿನಲ್ಲಿ ಹಿಮವಿಲ್ಲವೆಂಬುದು ಕಲಿಯುವ ಛಲವುಳ್ಳವರಿಗೆ ಅಡ್ಡಿಯಾಗದೆಂಬುದಕ್ಕೆ ಕೊಡಗಿನ ಆ ತರುಣಿಯೇ ಸಾಕ್ಷಿ.