ಮಗುವಿನ ಉಡುಗೊರೆ ಹಣ

ನಾಮಕರಣದ ದಿನ ನೆಂಟರು ತೊಟ್ಟಿಲಲ್ಲಿ ಇಟ್ಟುಹೋದ ನೋಟುಗಳು, ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟ ಐನೂರು ರೂಪಾಯಿ, ಸೋದರಮಾವನ ಉಡುಗೊರೆ – ಇವೆಲ್ಲ ಸೇರಿ ವರ್ಷ ತುಂಬುವಷ್ಟರಲ್ಲಿ ಮಗುವಿನ ಪಾಲಿಗೆ ಹತ್ತು ಸಾವಿರ ರೂಪಾಯಿ ಬರುವುದು ಈಗ ಅಪರೂಪವೇನಲ್ಲ. ಆದರೆ ಈ ಹಣ ಬೀರುವಿನಲ್ಲಿ ಕೆಲವು ದಿನವಿದ್ದು, ಬಳಿಕ ದಿನಸಿ ಅಂಗಡಿಯ ಬಾಕಿಗೋ ಮತ್ತೊಂದು ಮನೆಯ ಮುಯ್ಯಿಗೋ ಕರಗಿಹೋಗುವುದುಂಟು. ಮುಯ್ಯಿ ತೀರಿಸುವವರು ತಂದೆತಾಯಿಗಳೇ ಎಂಬುದು ನಿಜ. ಆದರೂ ಕೊಟ್ಟವರು ಕೊಟ್ಟದ್ದು ಮಗುವಿಗೆ. ಹಿರಿಯರು ಆ ಹಣಕ್ಕೆ ಒಡೆಯರಲ್ಲ, ಕಾವಲುಗಾರರು.

ಹಾಗಾದರೆ ಅದನ್ನು ಎಲ್ಲಿಡಬೇಕು? ಬಡ್ಡಿ ಎಲ್ಲಿ ಹೆಚ್ಚು ಎಂದು ಕೇಳುವ ಮುನ್ನ, ಹಣ ಯಾವಾಗ ಬೇಕಾಗುತ್ತದೆ ಎಂದು ಕೇಳಿಕೊಳ್ಳುವುದು ಲೇಸು. ಎರಡು ಮೂರು ವರ್ಷಗಳಲ್ಲಿ ಶಾಲೆಗೆ ಸೇರಿಸಲು ಬೇಕಾದ ಹಣ ಕೈಗೆ ಸುಲಭವಾಗಿ ಸಿಗುವಂತಿರಬೇಕು. ಕಾಲೇಜಿನ ಓದಿಗೆಂದು ಇಟ್ಟದ್ದು ಬೇಗನೆ ಕೈಗೆ ಸಿಗದಿರುವುದೇ ಮೇಲು.

ಕಾಲದ ಮಹಿಮೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹತ್ತು ಸಾವಿರ ರೂಪಾಯಿ ಶೇಕಡ 4ರ ಚಕ್ರಬಡ್ಡಿಯಲ್ಲಿ 15 ವರ್ಷಕ್ಕೆ ಸುಮಾರು 18,000 ಆಗುತ್ತದೆ. ಶೇಕಡ 7ರಲ್ಲಿ ಸುಮಾರು 27,600. ಬೆಲೆಗಳೂ ಸುಮ್ಮನಿರುವುದಿಲ್ಲ. ಅವು ವರ್ಷಕ್ಕೆ ಶೇಕಡ 6ರಂತೆ ಏರಿದರೆ, ಇಂದು ನೂರು ರೂಪಾಯಿಗೆ ಸಿಗುವ ಸಾಮಾನಿಗೆ 12 ವರ್ಷದಲ್ಲಿ ಇನ್ನೂರು ಕೊಡಬೇಕು. ಆದುದರಿಂದ ದೀರ್ಘಕಾಲದ ಹಣವನ್ನು ಬರಿಯ ಉಳಿತಾಯ ಖಾತೆಯಲ್ಲಿ ಬಿಟ್ಟರೆ ಅಂಕಿ ಬೆಳೆಯುತ್ತದೆ, ಬೆಲೆ ಬೆಳೆಯುವುದಿಲ್ಲ.

ಮೊದಲ ಮೆಟ್ಟಿಲಿಗೆ 1882ರಿಂದ ನಡೆದುಬಂದಿರುವ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಸಾಕು. ಮಗುವಿನ ಹೆಸರಿನಲ್ಲಿ ಪೋಷಕರು ಖಾತೆ ತೆರೆಯಬಹುದು. ಹತ್ತು ವರ್ಷ ತುಂಬಿದ ಮಗು ತಾನೇ ಸಹಿ ಹಾಕಿ ನಡೆಸಬಹುದು. ತಿಂಗಳಿಗೆ 100 ರೂಪಾಯಿಯಿಂದ ಐದು ವರ್ಷದ ಆವರ್ತ ಠೇವಣಿಯನ್ನೂ ಇಡಬಹುದು. ಬ್ಯಾಂಕಿನ ಠೇವಣಿಗೆ ವಿಮೆಯ ರಕ್ಷಣೆಯುಂಟು: 1962ರಲ್ಲಿ 1,500 ರೂಪಾಯಿಯಿದ್ದ ಮಿತಿಯನ್ನು 2020ರಲ್ಲಿ 5 ಲಕ್ಷಕ್ಕೆ ಏರಿಸಲಾಯಿತು. ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ರಕ್ಷಣೆಯಿಲ್ಲವೆಂಬುದನ್ನು ಮರೆಯಬಾರದು.

ಹೆಣ್ಣುಮಗುವಾದರೆ 2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯುಂಟು. ಮಗುವಿಗೆ ಹತ್ತು ತುಂಬುವ ಮೊದಲೇ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250 ರೂಪಾಯಿಯಂತೆ 15 ವರ್ಷ ಕಟ್ಟಿದರೆ, ಖಾತೆ ತೆರೆದ 21 ವರ್ಷಕ್ಕೆ ಹಣ ಪೂರ್ತಿ ಕೈಸೇರುತ್ತದೆ. ಹದಿನೆಂಟು ತುಂಬಿದ ಮೇಲೆ ಅಥವಾ ಹತ್ತನೆಯ ತರಗತಿ ಮುಗಿದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಗಂಡುಮಗುವಿಗೆ 15 ವರ್ಷದ ಸಾರ್ವಜನಿಕ ಭವಿಷ್ಯ ನಿಧಿ ಒಪ್ಪುತ್ತದೆ. ಎರಡರಲ್ಲಿಯೂ ತಿಂಗಳ ಐದನೆಯ ತಾರೀಖಿನೊಳಗೆ ಹಣ ಕಟ್ಟಿದರೆ ಆ ತಿಂಗಳ ಬಡ್ಡಿ ತಪ್ಪುವುದಿಲ್ಲ. ಬಡ್ಡಿಯ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಗೊತ್ತುಪಡಿಸುವುದರಿಂದ ಕಟ್ಟುವ ಮುನ್ನ ವಿಚಾರಿಸಿಕೊಳ್ಳಬೇಕು.

ಉಡುಗೊರೆ ಹಣವನ್ನೆಲ್ಲ ಬಳೆ, ಸರ ಮಾಡಿಸುವವರುಂಟು. ಕೂಲಿ, ಸವಕಳಿಗೆ ಹೋದದ್ದು ಮಾರುವಾಗ ಮರಳಿ ಬರುವುದಿಲ್ಲ. ಷೇರು, ಮ್ಯೂಚುಯಲ್ ಫಂಡುಗಳು ಏಳುವುದೂ ಉಂಟು, ಬೀಳುವುದೂ ಉಂಟು. ಹತ್ತಾರು ವರ್ಷ ಕಾಯಬಲ್ಲವರು ಒಂದು ಪಾಲನ್ನಷ್ಟೇ ಅಲ್ಲಿ ತೊಡಗಿಸಬಹುದು. ನೋಂದಣಿಯಿಲ್ಲದ ಚೀಟಿಗೆ ಮಗುವಿನ ಹಣವನ್ನು ಹಾಕಲೇಬಾರದು.

ಸಣ್ಣ ಉಳಿತಾಯದ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ: ಅಪ್ರಾಪ್ತ ಮಗುವಿನ ಖಾತೆಯಿಂದ ಪೋಷಕರು ಹಣ ತೆಗೆಯುವಾಗ, ಅದು ಮಗುವಿನ ಉಪಯೋಗಕ್ಕೇ ಎಂದು ಬರೆದುಕೊಡಬೇಕು. ಮನೆಯಲ್ಲಿಯೂ ಇದೇ ನಿಯಮವಿರಲಿ. ಯಾರು ಎಷ್ಟು ಕೊಟ್ಟರೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮಗುವಿಗೆ ಓದಲು ಬಂದಾಗ ಪಾಸ್‌ಬುಕ್ಕಿನ ಜೊತೆಗೆ ತೋರಿಸಬೇಕು. ಉಳಿತಾಯದ ಮೊದಲ ಪಾಠ ಅದೇ.