ಗುಂಬಜಿನ ಗೋಡೆಯ ಹುಲಿಪಟ್ಟೆ

ಶ್ರೀರಂಗಪಟ್ಟಣದ ಗುಂಬಜಿಗೆ ಹೋದವರ ಕಣ್ಣು ಮೊದಲು ಸಮಾಧಿಗಳ ಮೇಲೆ ಬೀಳುತ್ತದೆ. ಕತ್ತೆತ್ತಿದರೆ ಗೋಡೆಯೇ ಹುಲಿ. ಹೈದರಾಲಿ, ಫಖ್ರುನ್ನೀಸಾ, ಟಿಪ್ಪು ಮೂವರೂ ಮಲಗಿರುವ ಕೋಣೆಯ ಒಳಗೋಡೆಗೆ ಹುಲಿಯ ಪಟ್ಟೆ ಬರೆದಿದ್ದಾರೆ. ಮುಖವಿಲ್ಲ, ಪಂಜವಿಲ್ಲ, ಬಾಲವಿಲ್ಲ, ಪಟ್ಟೆ ಮಾತ್ರ. 'ಬಬ್ರಿ' ಎಂದು ಕರೆಯುವ ಈ ಗುರುತು ಟಿಪ್ಪುವಿನ ಸೈನಿಕರ ಅಂಗಿಯ ಮೇಲಿತ್ತು, ಆಯುಧಗಳ ಮೇಲಿತ್ತು. ಪಟ್ಟಣಕ್ಕೆ ಲಾಂಛನವೊಂದನ್ನು ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಆದರೆ ಗೋಡೆಯ ಹುಲಿಗೂ ಕಾಡಿನ ಹುಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಗೋಡೆಯಲ್ಲಿ ಪಟ್ಟೆಗಳು ಒಂದರಂತೆ ಒಂದು ಸಾಲುಗಟ್ಟಿವೆ. ಕಾಡಿನಲ್ಲಿ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ; ಅಷ್ಟೇಕೆ, ಒಂದೇ ಹುಲಿಯ ಎಡಮಗ್ಗುಲು ಬಲಮಗ್ಗುಲಿಗೆ ಹೊಂದುವುದಿಲ್ಲ. ಪಟ್ಟೆ, ಚುಕ್ಕೆಗಳು ಹೇಗೆ ಮೂಡುತ್ತವೆ ಎಂಬುದಕ್ಕೆ ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿ ಒಂದು ವಿವರಣೆ ಕೊಟ್ಟ. ಬೆಳೆಯುವ ಭ್ರೂಣದಲ್ಲಿ ಎರಡು ರಾಸಾಯನಿಕಗಳಿವೆ ಎನ್ನಿ. ಒಂದು ಬಣ್ಣ ಹುಟ್ಟಲು ಕುಮ್ಮಕ್ಕು ಕೊಡುತ್ತದೆ, ಇನ್ನೊಂದು ತಡೆಯುತ್ತದೆ. ತಡೆಯುವುದು ಬೇಗ ಹರಡಿದರೆ, ಬಣ್ಣ ಮೈತುಂಬ ವ್ಯಾಪಿಸದೆ ಅಲ್ಲಲ್ಲಿ ಗೆರೆಯಾಗಿ ನಿಲ್ಲುತ್ತದೆ. ನಿಯಮ ಒಂದೇ ಆದರೂ ಆರಂಭದ ಸಣ್ಣಪುಟ್ಟ ಏರುಪೇರಿನಿಂದ ಪ್ರತಿ ಸಲವೂ ಚಿತ್ತಾರ ಬೇರೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ ಹುಲಿಗಳ ಸಂಖ್ಯೆ ಅಂದಾಜು ಮಾಡಿದ್ದು ಈ ಗುಣವನ್ನೇ ನಂಬಿ. ಒಂದೊಂದು ಹುಲಿಗೂ ಅದರ ಪಟ್ಟೆಯೇ ಗುರುತಿನ ಚೀಟಿ.

ಲಾಂಛನಕ್ಕೆ ಬೇಕಾದದ್ದು ಇದರ ತದ್ವಿರುದ್ಧ ಗುಣ. ದರ್ಜಿ ಹೊಲಿದರೂ ಕಮ್ಮಾರ ಕೊರೆದರೂ ಅದು ಅದೇ ಆಗಿರಬೇಕು. ಮೈಸೂರು ಒಡೆಯರ ಎರಡು ತಲೆಯ ಗಂಡಭೇರುಂಡವೂ ಈ ಪರೀಕ್ಷೆಯಲ್ಲಿ ಪಾಸು: ಅರ್ಧ ಬರೆದು ಮಗುಚಿದರೆ ಇನ್ನರ್ಧ ಸಿದ್ಧ. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬದ ಮೇಲೂ, ವಿಜಯನಗರದ ಅಚ್ಯುತರಾಯನ ಪುಟ್ಟ ಚಿನ್ನದ ನಾಣ್ಯದ ಮೇಲೂ ಅದು ಗುರುತು ಸಿಗುತ್ತದೆ. ಇಂದು ಅದು ಕರ್ನಾಟಕ ಸರ್ಕಾರದ ಮುದ್ರೆಯ ನಡುವೆ ಕೂತಿದೆ.

ಟಿಪ್ಪುವಿನ ಇನ್ನೊಂದು ಮುದ್ರೆ ಇನ್ನೂ ಚತುರ. 'ಅಸದುಲ್ಲಾಹ್ ಅಲ್ ಗಾಲಿಬ್', ಅಂದರೆ ಗೆಲ್ಲುವ ದೇವಸಿಂಹ ಎಂಬ ಅರಬ್ಬಿ ಅಕ್ಷರಗಳನ್ನು ಹೆಣೆದು ಹುಲಿಯ ಮುಖ ಮಾಡಿದ್ದರು. ಓದಿದರೆ ಸಿಂಹ, ನೋಡಿದರೆ ಹುಲಿ! ಕಾವೇರಿ ಸೀಮೆಯ ಕಾಡಿನಲ್ಲಿ ಸಿಂಹವೆಲ್ಲಿತ್ತು?

1799ರ ಮೇ 4ರಂದು ಕೋಟೆ ಬಿತ್ತು. ಈಸ್ಟ್ ಇಂಡಿಯಾ ಕಂಪನಿ ಆ ಗೆಲುವಿಗೊಂದು ಪದಕ ಮಾಡಿಸಿತು, ಕಲಾವಿದ ಕೂಕ್ಲರ್. ಒಂದು ಮುಖದಲ್ಲಿ ಪಟ್ಟಣದ ಮುತ್ತಿಗೆ. ಇನ್ನೊಂದರಲ್ಲಿ ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿ ಮೇಲೇರಿದೆ, ಮೇಲಿನ ಬಾವುಟದಲ್ಲಿ ಅದೇ ಅರಬ್ಬಿ ಮಾತು. ಹುಲಿಯ ಮುಖದೊಳಗೆ ಅಡಗಿದ್ದ ಸಿಂಹವನ್ನು ಕಿತ್ತು ತಮ್ಮದಾಗಿಸಿಕೊಂಡಿದ್ದರು. ಕತ್ತಿಗಿಂತ ಇದು ಹರಿತವಾದ ಅಣಕ ಎಂದೇ ನನಗನಿಸುತ್ತದೆ. ಪದಕದ ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ: ಜನರಲ್‌ಗಳಿಗೆ ಚಿನ್ನ, ಕ್ಯಾಪ್ಟನ್‌ಗಳಿಗೆ ಬೆಳ್ಳಿ, ಗೋಡೆ ಹತ್ತಿದ ಸಿಪಾಯಿಗೆ ತವರ.