ಬಣ್ಣದ ಹೆಣಿಗೆಯೂ ಕುಣಿಕೆಯ ಲೆಕ್ಕವೂ

ಸ್ವೆಟರ್ ಹೆಣೆಯುವವರ ಕೈಕೆಲಸದಲ್ಲಿ ಭೌತಶಾಸ್ತ್ರಕ್ಕೇನು ಸ್ಥಾನ ಎಂದು ವಾಚಕರು ಕೇಳಬಹುದು. ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಷೆಟ್ಲೆಂಡ್ ದ್ವೀಪಸ್ತೋಮಗಳ ನಡುವೆ, ಫೇರ್ ಐಲ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ಹೆಂಗಸರು ಹೆಣೆಯುತ್ತ ಬಂದ ಬಣ್ಣಬಣ್ಣದ ಉಣ್ಣೆಯ ಉಡುಪುಗಳನ್ನು ಗಮನವಿಟ್ಟು ನೋಡಿದರೆ ಉತ್ತರವು ತಾನಾಗಿ ದೊರೆಯುವುದು. 1588ರಲ್ಲಿ ಸ್ಪೇನಿನ ನೌಕಾಪಡೆಯ ‘ಎಲ್ ಗ್ರಾನ್ ಗ್ರಿಫೋನ್’ ಎಂಬ ಹಡಗು ಆ ದ್ವೀಪದ ಬಂಡೆಗಳಿಗೆ ಬಡಿದು ಒಡೆಯಿತು. ಬದುಕುಳಿದ ನಾವಿಕರೇ ಈ ವಿನ್ಯಾಸಗಳನ್ನು ಕಲಿಸಿದರೆಂಬ ಕಥೆಯುಂಟು. ಕಥೆ ಸೊಗಸಾಗಿದೆ, ಆಧಾರ ಮಾತ್ರ ಇಲ್ಲ. 1922ರಲ್ಲಿ ವೇಲ್ಸ್ ರಾಜಕುಮಾರನು ಇಂತಹ ಸ್ವೆಟರ್ ತೊಟ್ಟು ಗಾಲ್ಫ್ ಆಟಕ್ಕೆ ಬಂದ ಮೇಲೆ ಅವು ಲೋಕಪ್ರಸಿದ್ಧವಾದುವು. ಇಂದು ಕಸೂತಿಗಾರರು, ಮಣಿ ಪೋಣಿಸುವವರು, ನೆಲಕ್ಕೆ ಬಿಲ್ಲೆ ಕೂಡಿಸುವವರು ಇವೇ ವಿನ್ಯಾಸಗಳನ್ನು ಎರವಲು ಪಡೆಯುತ್ತಿದ್ದಾರೆ. ಹೀಗೆ ಒಂದು ಕಸಬಿನಿಂದ ಇನ್ನೊಂದಕ್ಕೆ ವಿನ್ಯಾಸವು ಸಾಗುವಾಗ ಅದರಲ್ಲಿ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ?

ಮೊದಲು ಹೆಣಿಗೆಯ ಕಟ್ಟುಪಾಡನ್ನು ತಿಳಿಯೋಣ. ಒಂದು ಸಾಲಿನಲ್ಲಿ ಎರಡೇ ಬಣ್ಣ. ಒಂದು ಬಣ್ಣದ ಎಳೆ ಮುಂದುಗಡೆ ಕುಣಿಕೆಯಾಗುತ್ತಿರುವಾಗ ಇನ್ನೊಂದು ಎಳೆ ಬಟ್ಟೆಯ ಹಿಂಬದಿಯಲ್ಲಿ ಸುಮ್ಮನೆ ಹಾದುಹೋಗುವುದು. ಈ ಹಿಂದಿನ ಎಳೆ ಬಹಳ ಉದ್ದವಾದರೆ ತೊಡುವಾಗ ಬೆರಳಿಗೆ ಸಿಕ್ಕಿಕೊಳ್ಳುವುದು; ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟುವುದು. ಆದುದರಿಂದ ಸುಮಾರು ಒಂದು ಅಂಗುಲದೊಳಗೆ ಬಣ್ಣ ಬದಲಾಗಲೇಬೇಕು. 10 ಸೆಂಟಿಮೀಟರಿಗೆ 28 ಕುಣಿಕೆಗಳಿರುವ ಹೆಣಿಗೆಯಲ್ಲಿ ಇದು 7 ಕುಣಿಕೆ ಮಾತ್ರ. ಬಣ್ಣ ಬದಲಾಗುವ ಜಾಗವು ಪ್ರತಿ ಸಾಲಿನಲ್ಲೂ ಒಂದೇ ಕಡೆ ಬಿದ್ದರೆ ಎಳೆತವೆಲ್ಲ ಆ ಗೆರೆಯಲ್ಲೇ ಸೇರುವುದು. ಸಾಲಿಗೊಂದು ಕುಣಿಕೆಯಂತೆ ಓರೆಯಾಗಿ ಸರಿಯುತ್ತ ಹೋದರೆ ಅದು ಹಂಚಿಹೋಗುವುದು. ಫೇರ್ ಐಲ್ ವಿನ್ಯಾಸಗಳಲ್ಲಿ ಓರೆಗೆರೆ, ಗುಣಾಕಾರದ ಗುರುತು, ಎಂಟು ಮೂಲೆಯ ಉಂಗುರ ಇವೇ ಏಕೆ ತುಂಬಿವೆ ಎಂಬುದಕ್ಕೆ ಇದು ದೊಡ್ಡ ಕಾರಣ. ನಾವು ಅಲಂಕಾರವೆಂದು ಮೆಚ್ಚುವುದರಲ್ಲಿ ಬಹುಭಾಗವು ಎಳೆಯ ಬಿಗಿತದ ಲೆಕ್ಕವಾಗಿದೆ! ಹಿಂಬದಿಯ ಎಳೆಗಳು ಗಾಳಿಯ ಪದರವೊಂದನ್ನು ಹಿಡಿದಿಡುತ್ತವೆ. ಗಾಳಿಯು ಉಷ್ಣದ ಅವಾಹಕವಾದುದರಿಂದ ಉಡುಪು ಹೆಚ್ಚು ಬೆಚ್ಚಗಿರುವುದು. ಗೋಡೆಯ ಬಿಲ್ಲೆಗೆ ವಿನ್ಯಾಸ ಹೋಗಬಹುದು, ಈ ಬೆಚ್ಚನೆ ಹೋಗದು.

ವಿನ್ಯಾಸವು ಸಾಗುವ ವಾಹನ ಚೌಕಳಿ ಕಾಗದ. ಒಂದು ಮನೆ ಎಂದರೆ ಒಂದು ಕುಣಿಕೆ. ತೊಡಕು ಹುಟ್ಟುವುದು ಇಲ್ಲಿಯೇ. ಕಾಗದದ ಮನೆ ಚೌಕ. ಹೆಣಿಗೆಯ ಕುಣಿಕೆ ಸಾಮಾನ್ಯವಾಗಿ ಎತ್ತರಕ್ಕಿಂತ ಅಗಲ ಹೆಚ್ಚು. 10 ಸೆಂಟಿಮೀಟರಿಗೆ ಅಡ್ಡಲಾಗಿ 28 ಕುಣಿಕೆ, ಮೇಲ್ಮುಖವಾಗಿ 32 ಸಾಲು ಇವೆಯೆನ್ನೋಣ. 28ಕ್ಕೆ 28 ಮನೆಗಳ ನಕ್ಷತ್ರವು ಉಣ್ಣೆಯಲ್ಲಿ 10 ಸೆಂಟಿಮೀಟರ್ ಅಗಲವಾಗಿ, ಎತ್ತರದಲ್ಲಿ 8.75 ಸೆಂಟಿಮೀಟರ್ ಮಾತ್ರ ಆಗುವುದು. ಚೌಕ ಬಿಲ್ಲೆಗಳಲ್ಲಿ ಕೂಡಿಸಿದರೆ ಅದೇ ನಕ್ಷತ್ರವು ಎದ್ದು ನಿಂತಂತೆ ಕಾಣುವುದು.

ಇದು ಬರಿಯ ಅಂದದ ಮಾತಲ್ಲ. ಕಾಗದದ ನಕ್ಷತ್ರವನ್ನು ಕಾಲು ಸುತ್ತು ತಿರುಗಿಸಿದರೂ ಅದೇ ರೂಪ. ಉಣ್ಣೆಯ ನಕ್ಷತ್ರಕ್ಕೆ ಅರ್ಧ ಸುತ್ತೇ ಬೇಕು. ಸಮತಲದಲ್ಲಿ ಮರುಕಳಿಸುವ ವಿನ್ಯಾಸಗಳ ಸಮಾಂಗತೆಯು 17 ಬಗೆಗಳಲ್ಲಿ ಅಡಗುವುದೆಂದು ರಷ್ಯದ ಸ್ಫಟಿಕಶಾಸ್ತ್ರಜ್ಞ ಫ್ಯೋದರೊವ್ 1891ರಲ್ಲಿ ಸಾಧಿಸಿದನು. ನಮ್ಮ ನಕ್ಷತ್ರಗಳಿಂದ ತುಂಬಿದ ವಿನ್ಯಾಸವು ಕಾಗದದಿಂದ ಉಣ್ಣೆಗೆ ಇಳಿಯುತ್ತಲೇ ಒಂದು ಬಗೆಯಿಂದ ಮತ್ತೊಂದಕ್ಕೆ ಜಾರುವುದು. ಸ್ಫಟಿಕಗಳಲ್ಲೂ ಇಂತಹುದು ನಡೆಯುತ್ತದೆ. ಬೇರಿಯಂ ಟೈಟನೇಟ್ ಸುಮಾರು 120 ಡಿಗ್ರಿ ಸೆಲ್ಷಿಯಸ್‌ಗಿಂತ ಕೆಳಗೆ ತಣಿದಾಗ ಅದರ ಘನಾಕಾರದ ಕೋಶವು ಒಂದು ದಿಕ್ಕಿನಲ್ಲಿ ತುಸು ನೀಳವಾಗುವುದು. ಅಷ್ಟರಿಂದಲೇ ಹೊಸ ವಿದ್ಯುದ್ಗುಣವೊಂದು ತಲೆದೋರುವುದು.

ಹಾಗಾದರೆ ಸ್ವೆಟರಿನ ರೂಪವನ್ನೇ ಬಿಲ್ಲೆಯಲ್ಲಿ ಉಳಿಸಬಾರದೆ? 28 ಸಾಲುಗಳನ್ನು 24½ ಸಾಲಿಗೆ ಇಳಿಸಬೇಕು. ಅರ್ಧ ಬಿಲ್ಲೆಯ ಸಾಲು ಎಲ್ಲಿಂದ ಬರಬೇಕು? 24 ಅಥವಾ 25 ಎಂದು ಒಪ್ಪಿದರೂ ಓರೆಗೆರೆಯು ಅಲ್ಲಲ್ಲಿ ಎರಡು ಮನೆ ಹಾರಿ ಮುರಿದಂತಾಗುವುದು. ರೂಪ ಹಿಗ್ಗಿದರೆ ಹಿಗ್ಗಲಿ, ಲೆಕ್ಕ ಕೆಡದಿರಲಿ ಎಂಬುದೇ ನಮ್ಮ ಅಭಿಪ್ರಾಯ. ಒಪ್ಪದವರೂ ಇರುವರು.

ನಮ್ಮ ಧಾರವಾಡ ಸೀಮೆಯ ಕಸೂತಿಗೆ ಈ ಮಾತು ಹೊಸದೇನಲ್ಲ. ಅಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆಯದೆ ನೂಲೆಣಿಸಿಯೇ ಹೊಲಿಯುವರು. ನೆಗಿ ಎಂಬ ಹೊಲಿಗೆಯಂತೂ ನೇಯ್ಗೆಯ ನೋಟವನ್ನೇ ಸೂಜಿಯಿಂದ ತರುವುದು. ಒಂದು ಕಸಬು ಇನ್ನೊಂದರಿಂದ ಪಡೆದುದಕ್ಕೆ ಹತ್ತಿರದ ಸಾಕ್ಷಿ ಇದು. ಫೇರ್ ಐಲ್‌ನ ನಕ್ಷತ್ರವನ್ನು ಕಸೂತಿಗೆ ತರುವುದಾದರೆ ಗುಣಾಕಾರದ ಮೆಂತೆ ಹೊಲಿಗೆ ಒಪ್ಪುವುದು, ಏಕೆಂದರೆ ಒಂದು ಕುಣಿಕೆಗೆ ಒಂದು ಮೆಂತೆಯೆಂದು ಎಣಿಸಬಹುದು. ಆದರೆ ಕೈಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕುಗಳ ಎಣಿಕೆ ಎಷ್ಟೋ ವೇಳೆ ಸಮವಾಗಿರದು. ಸೂಜಿ ಹಿಡಿಯುವ ಮುನ್ನ ಒಂದು ಅಂಗುಲದಲ್ಲಿ ಉದ್ದಕ್ಕೆಷ್ಟು ನೂಲು, ಅಡ್ಡಕ್ಕೆಷ್ಟು ನೂಲು ಎಂದು ಬೇರೆಬೇರೆಯಾಗಿ ಎಣಿಸಿ ನೋಡಿದರೆ ನಕ್ಷತ್ರವು ಎತ್ತ ಹಿಗ್ಗುವುದೆಂಬುದು ಮೊದಲೇ ತಿಳಿಯುವುದು.